ಏಳು ನಟ್ಟು, ಕಾಲು ಸುತ್ತು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕಾಲುಸುತ್ತು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಸರನ್ನು ಹೊಸದಾಗಿ ಕೇಳಿದವರು ಕುಂಟನೋ ಏನೋ ಎಂದು ಮೊದಲು ಅವನ ಕಾಲು ನೋಡುತ್ತಿದ್ದರು. ಕಾಲು ಎರಡೂ ನೆಟ್ಟಗಿದ್ದವು. ಹೆಸರು ಬಂದದ್ದು ಅವನ ಕೆಲಸದಿಂದ, ಅದಕ್ಕಿಂತ ಹೆಚ್ಚಾಗಿ ಅವನ ಬಾಯಿಯಿಂದ.

ಗಿಡದ ಬೇಲಿ ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಅದರಲ್ಲೂ ಎತ್ತರದ ಬೇಲಿಗೆ ನೆಲದ ಮೇಲೆ ನಿಂತೇ ಎಟುಕಿಸುವ ಉದ್ದ ಕೋಲಿನ ಯಂತ್ರಗಳು. ಹಿಂದೆ ಎಂಜಿನ್ನು, ನಡುವೆ ಆಳೆತ್ತರಕ್ಕೂ ಮಿಕ್ಕಿದ ಕೊಳವೆ, ತುದಿಯಲ್ಲಿ ಬ್ಲೇಡಿರುವ ತಲೆ. ಎಂಜಿನ್ನು ಕೆಟ್ಟರೆ ಯಾರು ಬೇಕಾದರೂ ಸರಿ ಮಾಡುತ್ತಾರೆ, ತಲೆ ಕೆಟ್ಟವರು ಮಾತ್ರ ನನ್ನ ಹತ್ತಿರವೇ ಬರಬೇಕು ಎಂದು ಅವನು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಗಿರಾಕಿಗಳೂ ಮೂವತ್ತು ವರ್ಷದಿಂದ ನಕ್ಕುಕೊಂಡು ಬಂದಿದ್ದರು, ಪಾಪ.

ತಲೆಯೊಂದು ಅಂಗಡಿಗೆ ಬಂದರೆ ಮೊದಲು ಸೀಮೆಎಣ್ಣೆಯ ತಟ್ಟೆಯಲ್ಲಿ ಮಲಗಿಸಿ, ಒಣಗಿ ಕಪ್ಪಾದ ಗಿಡದ ಅಂಟನ್ನು ಬ್ರಷ್ಷಿನಲ್ಲಿ ಉಜ್ಜಿ ತೆಗೆಯುವುದು. ಆಮೇಲೆ ಒಂದೊಂದೇ ಹಲ್ಲಿಗೆ ಅರ ಹಿಡಿಯುವುದು. ಒಂದು ಹಲ್ಲಿಗೆ ನಾಲ್ಕು ಎಳೆತ ಎಂದರೆ ಎಲ್ಲಕ್ಕೂ ನಾಲ್ಕೇ, ಹಲ್ಲಲ್ಲಿ ಹಲ್ಲಿಗೆ ಭೇದ ಮಾಡಬಾರದು. ಗೇರ್ ಬಾಕ್ಸಿಗೆ ಹೊಸ ಗ್ರೀಸು, ಅದೂ ಹೆಚ್ಚಾಗಬಾರದು. ಕೊನೆಗೆ ಏಳು ನಟ್ಟು. ಒಂದರ ಮೇಲೊಂದು ಕೂತು ಎದುರುಬದುರು ಓಡಾಡುವ ಎರಡು ಬ್ಲೇಡುಗಳನ್ನು ಹಿಡಿದಿಡುವುದು ಈ ಏಳು ನಟ್ಟುಗಳೇ. ಬಿಗಿ ಹೆಚ್ಚಾದರೆ ಬ್ಲೇಡು ಕಾದು ಕಚ್ಚಿಕೊಳ್ಳುತ್ತದೆ. ಸಡಿಲ ಹೆಚ್ಚಾದರೆ ಎಳೆ ಕಡ್ಡಿಗಳು ತುಂಡಾಗದೆ ನಡುವೆ ಮಡಚಿ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಪೂರಾ ಬಿಗಿ ಮಾಡಿ, ಕಾಲು ಸುತ್ತು ಹಿಂದಕ್ಕೆ ಬಿಡಬೇಕು. ಇದನ್ನು ಅವನು ಬಂದವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ಎಷ್ಟು ಸಲ ಹೇಳಿದ್ದನೆಂದರೆ ಹೆಸರೇ ಅದಾಗಿ ಹೋಯಿತು. ಕಾಲು ಸುತ್ತು ಬಿಟ್ಟ ಮೇಲೆ ಪ್ರತಿ ನಟ್ಟಿನಿಂದ ಅದರ ಕೆಳಗಿನ ಲೋಹದ ಪಟ್ಟಿಯ ಮೇಲಕ್ಕೆ ಸಣ್ಣ ಕುಂಚದಲ್ಲಿ ಒಂದು ಹಳದಿ ಗೆರೆ ಎಳೆಯುತ್ತಿದ್ದ. ನಟ್ಟು ಕದಲಿದರೆ ಗೆರೆ ಮುರಿಯುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಆ ಗೆರೆ ಅವನ ರುಜುವಿದ್ದಂತೆ.

ಅಂಗಡಿಯ ಬಾಗಿಲ ಪಕ್ಕದಲ್ಲಿ ಒಂದು ಸ್ಟೂಲಿತ್ತು. ಅದು ತಮ್ಮನದು. ಏಳು ವರ್ಷಕ್ಕೆ ಚಿಕ್ಕವನಾದ ಈ ತಮ್ಮ ಒಂದು ಕಾಲದಲ್ಲಿ ಊರಿನ ಅರ್ಧ ಬೇಲಿಗಳನ್ನು ತಾನೊಬ್ಬನೇ ಕತ್ತರಿಸುತ್ತಿದ್ದವನು. ಅವನು ಹಾದುಹೋದ ಬೇಲಿಯ ನೆತ್ತಿಯ ಮೇಲೆ ಲೋಟ ಇಟ್ಟರೆ ನೀರು ತುಳುಕುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಕಾರ್ಖಾನೆಯ ಉದ್ದನೆಯ ಬೇಲಿ ಕತ್ತರಿಸುವಾಗ ಬ್ಲೇಡಿನ ನಡುವೆ ಕಡ್ಡಿ ಸಿಕ್ಕಿಕೊಂಡಿತು. ಎಂಜಿನ್ನು ಆರಿಸದೆ ಕೈಯಿಂದ ಎಳೆದು ತೆಗೆಯಲು ಹೋದ. ಬಲಗೈಯ ಎರಡು ಬೆರಳು ಅಲ್ಲೇ ಹೋದವು. ಆಮೇಲೆ ಕೋಲು ಹಿಡಿಯಲು ಆಗಲಿಲ್ಲ. ಅವನ ಹೆಂಡತಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು, ಅವನು ಬೆಳಗ್ಗೆ ಎದ್ದು ಅಣ್ಣನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದ.

ಮೇಸ್ತ್ರಿಯ ಪಾಠಕ್ಕೆ ಅಂದಿನಿಂದ ಒಂದು ಹೊಸ ಅಧ್ಯಾಯ ಸೇರಿತು. ರಿಪೇರಿಯಾದ ಯಂತ್ರವನ್ನು ಗಿರಾಕಿಯ ಕೈಗೆ ಕೊಡುವ ಮೊದಲು, ಕಡ್ಡಿ ಸಿಕ್ಕಿಕೊಂಡರೆ ಎಂಜಿನ್ನು ಆರಿಸಿಯೇ ಮುಟ್ಟಬೇಕು, ಆತುರಗಾರನಿಗೆ ಬುದ್ಧಿ ಮಟ್ಟ, ಬೇಕಾದರೆ ನನ್ನ ತಮ್ಮನನ್ನೇ ನೋಡಿ ಎನ್ನುತ್ತಿದ್ದ. ಸ್ಟೂಲಿನ ಮೇಲಿದ್ದ ತಮ್ಮ ಆಗ ಬಲಗೈ ಎತ್ತಿ ತೋರಿಸುತ್ತಿದ್ದ. ಹೆಬ್ಬೆರಳು, ಎರಡು ಮೊಂಡು, ಮತ್ತೆ ಎರಡು ಬೆರಳು. ಗಿರಾಕಿಯ ಮುಖ ಬಾಡಿದ್ದು ಕಂಡರೆ, ಎಂಟು ಬೆರಳಿದ್ದರೆ ಉಗುರು ಕತ್ತರಿಸೋ ಕೆಲಸ ಕಡಿಮೆ ಎಂದು ತಾನೇ ನಗಿಸುತ್ತಿದ್ದ. ದಿನಕ್ಕೆ ಎರಡು ಸಲ, ಮೂರು ಸಲ, ನಾಲ್ಕು ವರ್ಷ ಇದು ನಡೆಯಿತು.

ಮೇಸ್ತ್ರಿ ಯಾರಿಗೂ ಹೇಳದ ಸಂಗತಿಯೊಂದಿತ್ತು.

ಕಾರ್ಖಾನೆಯ ಆ ಕೆಲಸಕ್ಕೆ ಮುಂಚೆ ತಮ್ಮ ತನ್ನ ತಲೆಯನ್ನು ಅರ ಹಿಡಿಸಲು ತಂದಿದ್ದ. ಹಿಂದಿನ ತಿಂಗಳು ಅದರ ಬ್ಲೇಡು ಕಾದು ಕಚ್ಚಿಕೊಂಡಿತ್ತು. ಗಂಟೆಗೊಮ್ಮೆ ನಿಲ್ಲಿಸಿ ಬ್ಲೇಡಿಗೆ ಎಣ್ಣೆ ಬಿಡು ಎಂದು ಬಡಕೊಂಡರೂ ಅವನು ಕೇಳುತ್ತಿರಲಿಲ್ಲ. ಹಿಡಿದ ಕೆಲಸ ಮುಗಿಯುವ ತನಕ ನಿಲ್ಲುವ ಜಾಯಮಾನವೇ ಅಲ್ಲ. ಈ ಸಲ ಎರಡೇ ದಿನದಲ್ಲಿ ಇಡೀ ಬೇಲಿ ಮುಗಿಸಬೇಕು ಅಂದಿದ್ದ. ಮೇಸ್ತ್ರಿ ನಟ್ಟುಗಳನ್ನು ಪೂರಾ ಬಿಗಿ ಮಾಡಿದ, ಕಾಲು ಸುತ್ತು ಬಿಟ್ಟ. ಒಂದು ಗಳಿಗೆ ಯೋಚಿಸಿ ಇನ್ನೊಂದು ಕಾಲು ಸುತ್ತು ಬಿಟ್ಟ. ಎಣ್ಣೆ ಹಾಕದಿದ್ದರೂ ಕಾಯದಿರಲಿ, ತಮ್ಮನ ಕೆಲಸ ನಡುವೆ ನಿಲ್ಲದಿರಲಿ ಎಂದು. ಊರಿಗೆಲ್ಲ ಕಾಲು ಸುತ್ತು, ಒಡಹುಟ್ಟಿದವನಿಗೆ ಅರ್ಧ ಸುತ್ತು. ಹಾಗೆ ಮಾಡಿದ್ದೇನೆಂದು ಬಾಯಿ ಬಿಟ್ಟು ಹೇಳಲೂ ಇಲ್ಲ. ಹೇಳಿದರೆ ಅವನು ಎಣ್ಣೆಯ ಡಬ್ಬಿ ಮನೆಯಲ್ಲೇ ಬಿಟ್ಟು ಹೋಗುತ್ತಾನೆಂದು ಸುಮ್ಮನಾದ. ಮೇಲೆ ಹಳದಿ ಗೆರೆಯನ್ನೂ ಎಳೆದ.

ಮೂರನೆಯ ದಿನ ಆಸ್ಪತ್ರೆಯ ಮಂಚದ ಮೇಲೆ ಬಿಳಿ ಮೂಟೆಯಂತೆ ಕಟ್ಟಿದ್ದ ಕೈ ಎತ್ತಿಕೊಂಡು ತಮ್ಮ, ನಂದೇ ತಪ್ಪು ಅಣ್ಣ, ಎಂಜಿನ್ ಆಫ್ ಮಾಡ್ಲಿಲ್ಲ ಎಂದ. ಮೇಸ್ತ್ರಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಸುಳ್ಳೇನೂ ಅಲ್ಲವಲ್ಲ, ಎಂಜಿನ್ನು ಓಡುತ್ತಲೇ ಇತ್ತು. ಆದರೆ ಕಡ್ಡಿ ಸಿಕ್ಕಿಕೊಂಡದ್ದೇಕೆ ಎಂದು ಕೇಳುವವರು ಯಾರೂ ಇರಲಿಲ್ಲ. ಕೇಳಬೇಕಾದವನು ಅವನೇ, ಉತ್ತರ ಕೊಡಬೇಕಾದವನೂ ಅವನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಈ ಕಳ್ಳ ಅದಕ್ಕಿಂತ ಜಾಣ, ಪಕ್ಕದವನ ಹೆಗಲು ತೋರಿಸುತ್ತ ನಾಲ್ಕು ವರ್ಷ ಕಳೆದ. ಜಾಣತನದಿಂದ ನಿದ್ದೆ ಬರಲಿಲ್ಲ, ಅದು ಬೇರೆ ಮಾತು. ಆ ತಲೆಯನ್ನು ಒಮ್ಮೆ ಬಿಚ್ಚಿ ನೋಡಬೇಕು, ಗೆರೆ ಎಲ್ಲಿದೆ, ನಟ್ಟು ಎಷ್ಟು ಸಡಿಲವಿದೆ, ಬಹುಶಃ ತಾನು ಅಂದುಕೊಂಡಷ್ಟಿರಲಿಕ್ಕಿಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದ. ಆ ದರಿದ್ರದ್ದನ್ನು ಗುಜರಿಗೆ ಹಾಕಿಬಿಟ್ಟೆ ಎಂದು ತಮ್ಮ ಹೇಳಿದಾಗ ಅವನಿಗೆ ನಿರಾಳವೂ ಆಯಿತು, ಏನೋ ಕೈತಪ್ಪಿ ಹೋದಂತೆಯೂ ಆಯಿತು.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ತಮ್ಮ ಎದೆ ಹಿಡಿದಂತಾಗುತ್ತಿದೆ ಎಂದು ಸ್ಟೂಲಿನಿಂದ ಎದ್ದು ಮನೆಗೆ ಹೋದ. ಸಂಜೆಯ ಹೊತ್ತಿಗೆ ಅವನಿರಲಿಲ್ಲ. ಮೇಸ್ತ್ರಿ ಸ್ಟೂಲನ್ನು ತೆಗೆಯಲಿಲ್ಲ, ಅದರ ಮೇಲೆ ಯಾರನ್ನೂ ಕೂರಲು ಬಿಡಲೂ ಇಲ್ಲ. ಹೋಗಿ ಬರುವ ಗಿರಾಕಿಗಳಿಗೆ ಪಾಠವನ್ನಂತೂ ಹೇಳುತ್ತಲೇ ಇದ್ದ. ಕೈ ಎತ್ತುವ ಜಾಗ ಬಂದಾಗ ಮಾತು ಒಂದು ಕ್ಷಣ ನಿಂತು, ಮತ್ತೆ ಮುಂದಕ್ಕೆ ಹೋಗುತ್ತಿತ್ತು.

ತಮ್ಮನ ಹೆಂಡತಿ ಗೋಣಿಚೀಲ ಹೊತ್ತು ಅಂಗಡಿಗೆ ಬಂದದ್ದು ಒಂದು ಗುರುವಾರ. ಮೇಜಿನ ಮೇಲೆ ಇಳಿಸಿ ಬಾಯಿ ಬಿಚ್ಚಿದಳು. ಒಳಗೆ ಎಣ್ಣೆ ಹಚ್ಚಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ತಲೆ. ಅದು ಯಾವ ತಲೆಯೆಂದು ಮೇಸ್ತ್ರಿಗೆ ಕೇಳದೆಯೇ ಗೊತ್ತಾಯಿತು.

ಅಟ್ಟದಿಂದ ಇಳಿಸಿದೆ ಎಂದಳು. ಕೋಲು, ಎಂಜಿನ್ನು ಮೊದಲೇ ಮನೆಯಲ್ಲಿದ್ದವು. ಹತ್ತಿರದ ಶಾಲೆಯವರು ಅವರ ಬೇಲಿಯನ್ನು ತಿಂಗಳಿಗೊಮ್ಮೆ ಕತ್ತರಿಸಿ ಕೊಡುವ ಕೆಲಸ ಅವಳಿಗೆ ಒಪ್ಪಿಸಿದ್ದಾರೆ. ಒಗೆಯುವ ಕೋಣೆಯ ಹಬೆಯಲ್ಲಿ ಉಸಿರು ಕಟ್ಟುತ್ತದೆ, ಅದನ್ನು ಬಿಟ್ಟು ಇದನ್ನೇ ಕಲಿಯುತ್ತಾಳಂತೆ. ಗಂಡನ ಹಿಂದೆ ನಿಂತು ಕಡ್ಡಿ ಗುಡಿಸಿದವಳು, ನೋಡಿ ನೋಡಿಯೇ ಅರ್ಧ ಬರುತ್ತದೆ. ಸೋಮವಾರದಿಂದ ಶುರು. ಮೇಸ್ತ್ರಿಗೆ ಅವಳ ಮಾತೆಲ್ಲ ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿತ್ತು.

“ಗುಜರಿಗೆ ಹಾಕ್ದೆ ಅಂದಿದ್ನಲ್ಲಮ್ಮ?” ಎಂದ.

ಅವಳು ಖಾಲಿ ಗೋಣಿಚೀಲ ಮಡಚಿಕೊಂಡು, ಶನಿವಾರ ಬರುತ್ತೇನೆಂದು ಹೇಳಿ ಕೆಲಸಕ್ಕೆ ಹೊರಟುಹೋದಳು.

ಗುರುವಾರ ಇಡೀ ದಿನ ಅವನು ಬೇರೆಯವರ ತಲೆಗಳನ್ನು ಉಜ್ಜಿದ. ಶುಕ್ರವಾರ ಗ್ರೀಸಿನ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ. ಮೂವತ್ತು ವರ್ಷದಲ್ಲಿ ಆ ಡಬ್ಬಿಗಳನ್ನು ಯಾರೂ ಜೋಡಿಸಿರಲಿಲ್ಲ. ಶನಿವಾರ ಬೆಳಗ್ಗೆ ಬಾಗಿಲು ಅರ್ಧ ಎಳೆದುಕೊಂಡು ಬೆಡ್‌ಶೀಟು ಬಿಚ್ಚಿ, ಕನ್ನಡಕ ಒರೆಸಿ ಒರೆಸಿ ಸಾಕಾಗಿ, ಕೊನೆಗೆ ಮೊದಲನೆಯ ನಟ್ಟಿಗೆ ಸ್ಪ್ಯಾನರು ಹಾಕಿದ.

ಲೆಕ್ಕ ಸುಲಭವಾಗಿತ್ತು. ನಟ್ಟನ್ನು ಬಿಗಿಯ ಕಡೆಗೆ ತಿರುಗಿಸುವುದು, ಎಲ್ಲಿ ನಿಲ್ಲುತ್ತದೆಯೋ ನೋಡುವುದು. ಅರ್ಧ ಸುತ್ತು ಹೋದರೆ ಬೆರಳು ತೆಗೆದದ್ದು ಈ ಕೈ. ಅವನು ತಿರುಗಿಸಿದ. ನಟ್ಟು ಕಾಲು ಸುತ್ತು ಹೋಗಿ ನಿಂತಿತು. ಜೋರಾಗಿ ಒತ್ತಿದ, ಮುಂದೆ ಹೋಗಲಿಲ್ಲ. ಎರಡನೆಯದೂ ಕಾಲು ಸುತ್ತು. ಮೂರನೆಯದೂ ಅಷ್ಟೆ.

ಮೇಸ್ತ್ರಿ ನಕ್ಕ. ಒಬ್ಬನೇ ಇದ್ದರೂ ಬಾಯಿ ತೆರೆದು ನಕ್ಕ. ಹಾಗಾದರೆ ತಾನು ಅರ್ಧ ಸುತ್ತು ಬಿಟ್ಟೇ ಇರಲಿಲ್ಲ. ಬಿಡಬೇಕೆಂದು ಯೋಚಿಸಿದ್ದನ್ನೇ ಬಿಟ್ಟೆ ಎಂದು ನೆನಪು ಮಾಡಿಕೊಂಡು ನಾಲ್ಕು ವರ್ಷ ಸುಮ್ಮನೆ ಬೆಂದುಹೋಗಿದ್ದ. ಹಗುರವಾಗಿ ಎದ್ದು ಕೊಡದ ನೀರು ಕುಡಿದ. ಅರ್ಧ ಎಳೆದ ಬಾಗಿಲನ್ನು ಪೂರ್ತಿ ತೆರೆದ. ಬೆಳಕು ಮೇಜಿನ ತನಕ ಬಂತು. ನಾಲ್ಕನೆಯ ನಟ್ಟಿಗೆ ಸ್ಪ್ಯಾನರು ಹಾಕಲು ಬಾಗಿದಾಗ ಗೆರೆ ಕಣ್ಣಿಗೆ ಬಿತ್ತು.

ಅದು ಅವನ ಗೆರೆಯಾಗಿರಲಿಲ್ಲ. ಅವನ ಗೆರೆ ಕೂದಲೆಳೆಯಷ್ಟು ಸಣ್ಣ, ಇದು ದಪ್ಪ, ಮಧ್ಯೆ ನಡುಗಿ ಸೊಟ್ಟಗಾಗಿತ್ತು. ಬಣ್ಣವೂ ಬೇರೆ, ಬೆಣ್ಣೆಯಂಥ ತಿಳಿ ಹಳದಿ. ಈ ಹಳದಿಯನ್ನು ಎಲ್ಲಿ ನೋಡಿದ್ದೇನೆಂದು ಯೋಚಿಸುವ ಅಗತ್ಯ ಬೀಳಲಿಲ್ಲ. ತಮ್ಮನ ಮನೆಯ ಅಡುಗೆಕೋಣೆಯ ಕಿಟಕಿ ಅದೇ ಬಣ್ಣದ್ದು. ಅದರ ಕೆಳಗೆ ಕೂತು ಎಷ್ಟು ಸಲ ಟೀ ಕುಡಿದಿದ್ದನೋ. ಮೇಸ್ತ್ರಿ ಭೂತಗನ್ನಡಿ ತಂದು ಏಳೂ ನಟ್ಟುಗಳನ್ನು ನೋಡಿದ. ಪ್ರತಿಯೊಂದರ ಮೇಲೂ ಹಳೆಯ ಬಣ್ಣವನ್ನು ಕ್ಷೌರದ ಬ್ಲೇಡಿನಿಂದ ಕೆರೆದು ತೆಗೆದಿದ್ದರು. ಆದರೂ ಐದನೆಯ ನಟ್ಟಿನ ಒಂದು ಮೂಲೆಯಲ್ಲಿ ಅವನದೇ ಗಾಢ ಹಳದಿಯ ಒಂದು ಚೂರು ಉಳಿದಿತ್ತು. ಹೊಸ ಗೆರೆಯಿಂದ ಸರಿಯಾಗಿ ಕಾಲು ಸುತ್ತು ಆಚೆಗೆ.

ಅರ್ಧ ಸುತ್ತು ಬಿಟ್ಟಿದ್ದದ್ದು ನಿಜವೇ. ಆಮೇಲೆ ಯಾರೋ ಕಾಲು ಸುತ್ತು ಬಿಗಿ ಮಾಡಿ, ಮೇಸ್ತ್ರಿ ಮಾಡಿದಂತೆಯೇ ಕಾಣಲೆಂದು ಗೆರೆ ಎಳೆದಿದ್ದರು. ಮೇಸ್ತ್ರಿ ತಮ್ಮನ ಸ್ಟೂಲಿನ ಮೇಲೆ ಕೂತುಬಿಟ್ಟ.

ಹನ್ನೊಂದು ಗಂಟೆಯ ಹೊತ್ತಿಗೆ ಬಂದ ತಮ್ಮನ ಹೆಂಡತಿ ಅವನನ್ನು ಹಾಗೆಯೇ ಕಂಡಳು. ಮೈ ಚೆನ್ನಾಗಿಲ್ಲವೇ ಎಂದು ಗಾಬರಿಯಾದಳು. ಅವನು ಕೂರಲು ಹೇಳಿ, ಎಲ್ಲವನ್ನೂ ಹೇಳಿದ. ಇಷ್ಟು ವರ್ಷ ಮುಚ್ಚಿಟ್ಟದ್ದು ಹೇಳಲು ಹೊರಟಾಗ ಎರಡು ನಿಮಿಷವೂ ಹಿಡಿಯಲಿಲ್ಲ. ಅರ್ಧ ಸುತ್ತು, ಎಣ್ಣೆ, ಕಡ್ಡಿ, ಗೆರೆ. ಅವಳು ಎದ್ದು ಮೇಜಿನ ಹತ್ತಿರ ಹೋಗಿ ಏಳು ನಟ್ಟುಗಳ ಮೇಲೆ ಬೆರಳಾಡಿಸಿದಳು.

“ಇದನ್ನ ಬಿಗಿ ಮಾಡಿದ್ದು ನಾನೇ ಭಾವ,” ಎಂದಳು. “ಅವರ ಕೈಗೆ ಕಟ್ಟು ಹಾಕಿತ್ತಲ್ಲ. ಆಸ್ಪತ್ರೆಯಿಂದ ಬಂದ ಮಾರನೇ ದಿನ ನನ್ನ ಕೂರಿಸ್ಕೊಂಡು, ಒಂದೊಂದೇ ನಟ್ಟು ತೋರಿಸಿ, ಇಷ್ಟು ತಿರುಗಿಸು, ಸಾಕು ನಿಲ್ಸು ಅಂತ ಮಾಡಿಸಿದ್ರು. ಗೆರೆ ಮಾತ್ರ ಅವರೇ ಎಡಗೈಲಿ ಎಳೆದ್ರು.”

ಯಾಕೆ ಎಂದು ಕೇಳಲಿಲ್ಲವೇ ಎಂದು ಮೇಸ್ತ್ರಿ ಕೇಳಿದ.

“ಕೇಳ್ದೆ. ಅಣ್ಣ ಒಂದಲ್ಲ ಒಂದು ದಿನ ಇದನ್ನ ಬಿಚ್ಚೇ ಬಿಚ್ತಾನೆ, ಅವತ್ತು ರಾತ್ರಿ ಅವನಿಗೆ ನಿದ್ದೆ ಬರ್ಬೇಕು ಕಣೇ ಅಂದ್ರು. ಏನೋ ಅಣ್ಣ ತಮ್ಮಂದಿರ ತಮಾಷೆ ಇರ್ಬೇಕು ಅನ್ಕೊಂಡು ಸುಮ್ಮನಾದೆ. ಆಮೇಲೆ ಅದೂ ಸಾಲ್ದು ಅನ್ನಿಸ್ತೋ ಏನೋ, ಅಟ್ಟಕ್ಕೆ ಹಾಕಿ, ಗುಜರಿಗೆ ಹೋಯ್ತು ಅಂತ ನೀನೂ ಹೇಳು ಅಂದ್ರು.”

ಮೇಸ್ತ್ರಿ ಮುಖ ಮುಚ್ಚಿಕೊಂಡು ಅತ್ತ. ತಮ್ಮ ಸತ್ತ ದಿನ ಗಂಡಸರೆಲ್ಲ ನೋಡುತ್ತಿದ್ದಾರೆಂದು ತಡೆದುಕೊಂಡದ್ದೂ ಅದರಲ್ಲಿ ಸೇರಿಕೊಂಡಿತು. ಅವಳು ಸಮಾಧಾನ ಮಾಡಲಿಲ್ಲ. ಅವನ ಅಳು ತಾನಾಗಿಯೇ ನಿಲ್ಲುವ ತನಕ ಬೆನ್ನು ಹಾಕಿ ನಿಂತಿದ್ದಳು. ಆಮೇಲೆ ತಿರುಗಿ, ದನಿ ಏರಿಸದೆ ಕೇಳಿದಳು.

“ನಟ್ಟು ಸಡಿಲ ಬಿಟ್ಟಿದ್ದು ಪ್ರೀತಿಗೆ ಅಂತಾನೇ ಇಟ್ಕೊಳ್ಳೋಣ ಭಾವ. ಅವರು ಅದನ್ನ ಮುಚ್ಚಿದ್ರು, ಅದೂ ಪ್ರೀತಿಗೇ. ಆದ್ರೆ ಬಂದೋರ ಮುಂದೆಲ್ಲ ಅವರ ಕೈ ಎತ್ತಿಸ್ತಿದ್ರಲ್ಲ, ಅದು ಯಾತಕ್ಕೆ? ಊಟಕ್ಕೆ ಕೂತಾಗ ಹೇಳೋರು, ಇವತ್ತು ಮೂರು ಸಲ ಎತ್ತಿದೆ ಅಂತ. ನಗ್ತಾನೇ ಹೇಳೋರು.”

ಸ್ಟೂಲಿನ ಮೇಲೆ ನಗುತ್ತ ಕೈ ಎತ್ತಿದವನಿಗೆ ಎಲ್ಲವೂ ಗೊತ್ತಿತ್ತು. ಮೊದಲನೆಯ ಸಲವೂ ಗೊತ್ತಿತ್ತು, ಎದೆ ಹಿಡಿದುಕೊಂಡು ಎದ್ದು ಹೋದ ದಿನ ಬೆಳಗ್ಗೆ ಎತ್ತಿದಾಗಲೂ ಗೊತ್ತಿತ್ತು. ಕ್ಷಮೆ ಕೇಳೋಣವೆಂದರೆ ಸ್ಟೂಲಿನ ಮೇಲೆ ಈಗ ಕೂತಿದ್ದವನು ತಾನೇ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೋಮವಾರ ಬೇಲಿಯ ಮುಂದೆ ನಿಲ್ಲಬೇಕು, ಹಲ್ಲಿಗೆ ಅರ ಹಿಡಿದು ಕೊಡಿ, ನಟ್ಟು ನಾನೇ ಹಾಕುತ್ತೇನೆ ಎಂದಳು. ಮೇಸ್ತ್ರಿ ಎದ್ದ. ನಟ್ಟುಗಳನ್ನೆಲ್ಲ ಕಳಚಿ, ಬ್ಲೇಡುಗಳನ್ನು ಬೇರೆ ಮಾಡಿ, ಸೀಮೆಎಣ್ಣೆಯಲ್ಲಿ ತೊಳೆದ. ನಾಲ್ಕು ವರ್ಷ ಅಟ್ಟದಲ್ಲಿದ್ದರೂ ತುಕ್ಕು ಬಹಳ ಹಿಡಿದಿರಲಿಲ್ಲ, ಅಷ್ಟು ಜೋಪಾನವಾಗಿ ಎಣ್ಣೆ ಹಚ್ಚಿದ್ದ ಆ ಎಣ್ಣೆ ಹಚ್ಚದ ತಮ್ಮ. ಒಂದೊಂದು ಹಲ್ಲಿಗೂ ನಾಲ್ಕು ಎಳೆತ. ಅಂಚಿನ ಮುಳ್ಳನ್ನು ಸಾಣೆಕಲ್ಲಿನ ಮೇಲೆ ಸವರಿ ತೆಗೆದ. ಗೇರ್ ಬಾಕ್ಸಿನ ಹಳೆ ಗ್ರೀಸು ಒರೆಸಿ ಹೊಸದು ತುಂಬಿದ. ಎರಡು ಗಂಟೆ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ನಟ್ಟಿನ ಸರದಿ ಬಂದಾಗ ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟ. ಅವಳು ಪೂರಾ ಬಿಗಿ ಮಾಡಿ, ಕಾಲು ಸುತ್ತು ಬಿಟ್ಟಳು. ಏಳೂ ನಟ್ಟು ಒಂದೇ ಅಳತೆ. ಅವನು ಪರೀಕ್ಷೆ ಮಾಡಿ ನೋಡಿದ, ತಿದ್ದುವಂಥದ್ದೇನೂ ಇರಲಿಲ್ಲ. ಹಳದಿ ಬಣ್ಣದ ಡಬ್ಬಿ ಮುಂದಕ್ಕೆ ತಳ್ಳಿದ. ಗೆರೆಯನ್ನೂ ಅವಳೇ ಎಳೆದಳು. ಹೊರಡುವಾಗ ತಲೆಯನ್ನು ಹೆಗಲಿಗೇರಿಸಿಕೊಂಡು, “ಕಡ್ಡಿ ಸಿಕ್ಕಿಕೊಂಡ್ರೆ ಎಂಜಿನ್ ಆಫ್ ಮಾಡ್ತೀನಿ, ನೀವು ಹೇಳೋದೇನೂ ಬೇಡ,” ಎಂದಳು. ಮತ್ತೆ ಬರುತ್ತೇನೆಂದು ಹೇಳಲಿಲ್ಲ.

ಅವಳು ಹೋದ ಅರ್ಧ ಗಂಟೆಗೆ ಉದ್ಯಾನದ ಹಳೆಯ ಮಾಲಿ ಬಂದ. ಜೊತೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ನಡುವಯಸ್ಸಿನವನಿದ್ದ. ತಯಾರಾಗಿದ್ದ ಎರಡು ತಲೆಗಳನ್ನು ಮೇಸ್ತ್ರಿ ಮೇಜಿನ ಮೇಲಿಟ್ಟ. ಮಾಲಿ ಖಾಲಿ ಸ್ಟೂಲನ್ನು ನೋಡಿ ಲೊಚಗುಟ್ಟಿ, ಈ ಹೊಸಬ ಭಲೇ ಆತುರದವನು, ನಿಮ್ಮ ತಮ್ಮನ ಕಥೆ ಇವನಿಗೂ ಸ್ವಲ್ಪ ಹೇಳಿ ಮೇಸ್ತ್ರಿ ಎಂದ.

ಮೇಸ್ತ್ರಿ ಮೇಜಿನ ಮೇಲಿದ್ದ ಸ್ಪ್ಯಾನರನ್ನು ಕೈಗೆತ್ತಿಕೊಂಡ. ಆಮೇಲೆ ಹೇಳತೊಡಗಿದ. ಉದ್ದನೆಯ ಬೇಲಿ, ಎರಡು ದಿನದ ಗಡುವು, ನಡುವೆ ಸಿಕ್ಕಿಕೊಂಡ ಕಡ್ಡಿ, ಆರಿಸದ ಎಂಜಿನ್ನು. ಮಾಲಿ ಗೊತ್ತಿದ್ದ ಕಥೆಗೆ ತಲೆಯಾಡಿಸುತ್ತಿದ್ದ. ಕೈ ಎತ್ತುವ ಜಾಗ ಬಂತು.

ಮೇಸ್ತ್ರಿ ಸ್ಪ್ಯಾನರು ಕೆಳಗಿಟ್ಟು, ತಮ್ಮ ಎತ್ತುತ್ತಿದ್ದ ಹಾಗೆಯೇ ತನ್ನ ಬಲಗೈ ಎತ್ತಿದ. ಹೊಸಬ ಆ ಕೈಯನ್ನು ಹಿಂದೆ ಮುಂದೆ ನೋಡಿ, ಬೆರಳೆಲ್ಲ ಇವೆಯಲ್ಲ ಎಂದ.

“ಹೌದು,” ಎಂದ ಮೇಸ್ತ್ರಿ. “ನಟ್ಟು ಸಡಿಲ ಬಿಟ್ಟಿದ್ದು ಇದೇ ಕೈ.”